ಮಗಳ ಮನೆಗೆ ಅಮೆರಿಕಕ್ಕೆ ಹೊರಟಿದ್ದೀರಾ? ಅರವತ್ತು ದಾಟಿದವರ ತಯಾರಿ ಹೀಗಿರಲಿ

ನಾನು ನಿವೃತ್ತಿಯಾದ ವರ್ಷವೇ ಮಗಳು ಟಿಕೆಟ್ ಕಳಿಸಿದಳು. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ. ಹೊರಡುವ ಮುಂಚೆ ನೆಂಟರೆಲ್ಲ ಹೇಳಿದ್ದು ಒಂದೇ ಮಾತು: ಪಾಸ್‌ಪೋರ್ಟ್ ಹುಷಾರು, ಒಡವೆ ಹುಷಾರು. ಮಾತ್ರೆ ಹುಷಾರು ಅಂತ ಯಾರೂ ಹೇಳಲಿಲ್ಲ. ನಮ್ಮ ಯಜಮಾನರ ಬಿಪಿ ಮಾತ್ರೆ, ಶುಗರ್ ಮಾತ್ರೆ ಎಲ್ಲ ದೊಡ್ಡ ಸೂಟ್‌ಕೇಸಿನಲ್ಲಿ ಹೋದವು. ಡಾಕ್ಟರ ಚೀಟಿಯೂ ಅದರಲ್ಲೇ ಇತ್ತು. ನಾವು ತಲುಪಿದೆವು, ಸೂಟ್‌ಕೇಸ್ ಬಂದಿದ್ದು ಎರಡು ದಿನ ಬಿಟ್ಟು. ಆ ಎರಡು ದಿನದ ದಿಗಿಲು ಇನ್ನೂ ನೆನಪಿದೆ.

ನಮ್ಮ ವಯಸ್ಸಿನಲ್ಲಿ ಪರದೇಶಕ್ಕೆ ಹೋದಾಗ ಕಳ್ಳರಿಗಿಂತ ಜಾಸ್ತಿ ಹೆದರಬೇಕಾದ್ದು ತಪ್ಪಿದ ಮಾತ್ರೆಗೆ, ಜಾರುವ ಕಾಲಿಗೆ, ಆಸ್ಪತ್ರೆಯ ಬಿಲ್ಲಿಗೆ. ಈ ಮೂರಕ್ಕೂ ಅರ್ಧ ತಯಾರಿ ಇಲ್ಲೇ, ನಮ್ಮ ಮನೆಯಲ್ಲೇ ಆಗಬೇಕು.

ಮೊದಲು ಮಾತ್ರೆ ಡಬ್ಬಿ

ಹೊರಡುವ ಒಂದು ತಿಂಗಳ ಮುಂಚೆ ನಿಮ್ಮ ಡಾಕ್ಟರನ್ನು ನೋಡಿ. ಅವರ ಲೆಟರ್‌ಹೆಡ್‌ನಲ್ಲಿ ಇಂಗ್ಲಿಷಿನಲ್ಲಿ ಒಂದು ಪತ್ರ ಬರೆಸಿಕೊಳ್ಳಿ. ನಿಮಗಿರುವ ಕಾಯಿಲೆ, ಆಗಿರುವ ಆಪರೇಷನ್, ಆಗದ ಔಷಧಿ ಎಲ್ಲ ಅದರಲ್ಲಿರಲಿ. ಮಾತ್ರೆಗಳಿಗೆ ಕಂಪನಿ ಹೆಸರಿನ ಬದಲು ಒಳಗಿರುವ ಔಷಧಿಯ ಹೆಸರೇ ಇರಬೇಕು. ಯಾಕೆ ಗೊತ್ತಾ? ನಮಗೆ ಜ್ವರ ಅಂದರೆ ಡೋಲೋ. ಅಮೆರಿಕದ ಔಷಧಿ ಅಂಗಡಿಯಲ್ಲಿ ಡೋಲೋ ಅಂದರೆ ತಿಳಿಯುವುದಿಲ್ಲ. ಪ್ಯಾರಾಸಿಟಮಾಲ್ ಎಂಬ ಹೆಸರೂ ಅಲ್ಲಿ ಬಳಕೆಯಲ್ಲಿಲ್ಲ. ಅದೇ ಔಷಧಿಗೆ ಅಲ್ಲಿ ಅಸಿಟಮಿನೋಫೆನ್ ಅನ್ನುತ್ತಾರೆ.

ಇರುವಷ್ಟು ದಿನಕ್ಕೆ ಬೇಕಾದ ಮಾತ್ರೆ, ಮೇಲೆ ಎರಡು ವಾರದ್ದು ತೆಗೆದುಕೊಳ್ಳಿ. ಸ್ಟ್ರಿಪ್‌ನಿಂದ ಬಿಡಿಸಬೇಡಿ, ಅಂಗಡಿ ಬಿಲ್ಲನ್ನೂ ಜೊತೆಗಿಡಿ. ಕಡಿಮೆ ಅಂದರೂ ಎರಡು ವಾರದ ಮಾತ್ರೆ ಮತ್ತು ಡಾಕ್ಟರ ಪತ್ರ ನಿಮ್ಮ ಕೈಚೀಲದಲ್ಲೇ ಇರಬೇಕು. ಇನ್ಸುಲಿನ್ ಅಂತೂ ಪೂರ್ತಿ ಕೈಚೀಲದಲ್ಲೇ ಹೋಗಲಿ. ಕೆಳಗೆ ಲಗೇಜು ಇಡುವ ಜಾಗದ ಚಳಿಗೆ ಅದು ಹೆಪ್ಪುಗಟ್ಟಿ ಕೆಡಬಹುದು. ಕೈಚೀಲದಲ್ಲಿ ಒಯ್ಯುವ ದ್ರವಕ್ಕೆ 100 ಮಿಲಿ ಮಿತಿ ಇದೆ, ಆದರೆ ಪ್ರಯಾಣಕ್ಕೆ ಬೇಕಾದ ಔಷಧಿಗೆ ವಿನಾಯಿತಿ ಉಂಟು. ತಪಾಸಣೆಯ ಹತ್ತಿರ ನೀವೇ ಮೊದಲು ತೆಗೆದು ತೋರಿಸಿ.

ಇಲ್ಲಿ ಸುಲಭವಾಗಿ ಸಿಗುವ ಔಷಧಿಗೆ ಬೇರೆ ದೇಶದಲ್ಲಿ ಬಿಗಿ ನಿಯಮ ಇರಬಹುದು. ದುಬೈಗೆ ಹೋಗುವವರು ಟ್ರಮಡಾಲ್ ಇರುವ ನೋವಿನ ಮಾತ್ರೆ, ಕೋಡೀನ್ ಇರುವ ಕೆಮ್ಮಿನ ಸಿರಪ್ಪನ್ನು ಮುಂಚೆ ಅನುಮತಿ ಪಡೆಯದೆ ಒಯ್ಯಬಾರದು. ಇನ್ನೊಂದು ಮಾತು, ಮಗಳಿಗೆ ಪಾಯಸ ಮಾಡಿಕೊಡೋಣ ಅಂತ ಗಸಗಸೆ ಪೊಟ್ಟಣ ಇಟ್ಟುಕೊಳ್ಳುವವರಿದ್ದಾರೆ. ದುಬೈಯಲ್ಲಿ ಗಸಗಸೆ ನಿಷೇಧ. ದಯವಿಟ್ಟು ಒಂದು ಚಮಚವೂ ಬೇಡ.

ಗಡಿಯಾರದ ಲೆಕ್ಕವನ್ನೂ ಡಾಕ್ಟರ ಹತ್ತಿರವೇ ಕೇಳಿ. ಕ್ಯಾಲಿಫೋರ್ನಿಯ ನಮಗಿಂತ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದೆ. ಶುಗರ್ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಪ್ರಯಾಣದ ದಿನ ಯಾವಾಗ, ಎಷ್ಟು ಎಂಬುದನ್ನು ಬರೆಸಿಕೊಂಡೇ ಹೊರಡಿ.

ವಿಮೆಯಲ್ಲಿ ಉಳಿತಾಯ ಬೇಡ

ಇಲ್ಲಿನ ಆಯುಷ್ಮಾನ್ ಕಾರ್ಡ್ ಅಲ್ಲಿ ನಡೆಯುವುದಿಲ್ಲ. ಪ್ರಯಾಣ ವಿಮೆ ಬೇಕೇ ಬೇಕು. ಬಿಪಿ, ಶುಗರ್, ಹಳೆಯ ಹೃದಯದ ತೊಂದರೆ ಏನಿದ್ದರೂ ಅರ್ಜಿಯಲ್ಲಿ ಹೇಳಿ. ಕಂತು ಕಡಿಮೆಯಾಗಲಿ ಅಂತ ಮುಚ್ಚಿಟ್ಟರೆ ಹಣ ಕೇಳುವ ಹೊತ್ತಿಗೆ ಅದೇ ಕಾರಣ ಕೊಟ್ಟು ತಿರಸ್ಕರಿಸಬಹುದು. ಏಜೆಂಟರನ್ನು ಮೂರು ಪ್ರಶ್ನೆ ಕೇಳಿ. ಮೊದಲೇ ಇರುವ ಕಾಯಿಲೆಗೆ ಪೂರ್ತಿ ಕೊಡುತ್ತಾರಾ, ಜೀವಕ್ಕೆ ಅಪಾಯ ಬಂದಾಗ ಮಾತ್ರವಾ? ನಮ್ಮ ವಯಸ್ಸಿನವರಿಗೆ ಒಂದೊಂದು ಚಿಕಿತ್ಸೆಗೂ ಬೇರೆ ಮಿತಿ ಇದೆಯಾ? ಆಸ್ಪತ್ರೆಯ ಬಿಲ್ಲಿನಲ್ಲಿ ಮೊದಲು ನಮ್ಮ ಕೈಯಿಂದ ಎಷ್ಟು ಕಟ್ಟಬೇಕು? ಉತ್ತರ ಬಾಯಿಮಾತಿನಲ್ಲಿ ಬೇಡ, ಪಾಲಿಸಿಯ ಹಾಳೆಯಲ್ಲೇ ತೋರಿಸಲಿ.

ವಿಮಾನದಲ್ಲಿ

ಗಾಲಿಕುರ್ಚಿ ಬೇಕಿದ್ದರೆ ಟಿಕೆಟ್ ಮಾಡುವಾಗಲೇ ಹೇಳಿ. ಮರೆತರೆ 48 ಗಂಟೆ ಮುಂಚೆಯಾದರೂ ತಿಳಿಸಿ. ಮಂಡಿನೋವು ಇರುವವರು ಸಂಕೋಚ ಪಡುವುದೇ ಬೇಡ. ನಾಲ್ಕು ಗಂಟೆಗಿಂತ ಜಾಸ್ತಿ ಕೂತೇ ಇದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಓಡಾಡುವ ದಾರಿಯ ಪಕ್ಕದ ಸೀಟು ಕೇಳಿ, ಆಗಾಗ ಎದ್ದು ನಡೆಯಿರಿ. ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸಿ. ಶೌಚಕ್ಕೆ ಏಳಬೇಕಾಗುತ್ತದೆ ಅಂತ ನೀರು ಬಿಡುವವರು ನಮ್ಮಲ್ಲಿ ತುಂಬಾ ಜನ. ಬಿಡಬೇಡಿ.

ಮಕ್ಕಳ ಮನೆಯೊಳಗೆ

ಇದನ್ನು ಯಾರೂ ಹೇಳಿಕೊಡುವುದಿಲ್ಲ. ಮೊದಲ ವಾರ ಹಗಲು ರಾತ್ರಿ ಅದಲು ಬದಲು. ನಡುರಾತ್ರಿ ಎರಡಕ್ಕೆ ಎಚ್ಚರ. ಹೊಸ ಮನೆ, ಸ್ವಿಚ್ ಎಲ್ಲಿದೆಯೋ ಗೊತ್ತಿಲ್ಲ. ಮಕ್ಕಳನ್ನು ಎಬ್ಬಿಸಬಾರದು ಅಂತ ಕತ್ತಲಲ್ಲೇ ಕಾಲ್ಚೀಲ ಹಾಕಿಕೊಂಡು ಮರದ ಮೆಟ್ಟಿಲು ಇಳಿಯುತ್ತೇವೆ. ಹಾಗೆ ಇಳಿದೇ ನಾನು ಮೂರನೇ ರಾತ್ರಿ ಕೊನೆಯ ಎರಡು ಮೆಟ್ಟಿಲು ತಪ್ಪಿಸಿ ಬಿದ್ದೆ. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಮಕ್ಕಳಿಗೆ ಮೊದಲೇ ಹೇಳಿ, ಹಾಸಿಗೆಯಿಂದ ಬಚ್ಚಲಿನವರೆಗೆ ರಾತ್ರಿ ದೀಪ ಇರಲಿ. ಸಾಧ್ಯವಾದರೆ ಮಲಗಲು ಕೆಳಗಿನ ಕೋಣೆಯೇ ಇರಲಿ.

ಬಚ್ಚಲೂ ನಮ್ಮ ಹಾಗಿರುವುದಿಲ್ಲ. ಎಷ್ಟೋ ಮನೆಗಳಲ್ಲಿ ಟಬ್ಬಿನ ಎತ್ತರದ ಅಂಚು ದಾಟಿ ಒಳಗೆ ನಿಂತು ಸ್ನಾನ ಮಾಡಬೇಕು. ಸೋಪಿನ ನೀರಿಗೆ ಕಾಲು ಜಾರುತ್ತದೆ. ಟಬ್ಬಿನೊಳಗೆ ಜಾರದ ಮ್ಯಾಟ್, ಗೋಡೆಗೆ ಗಟ್ಟಿಯಾದ ಹಿಡಿ, ಕೂರಲು ಪ್ಲಾಸ್ಟಿಕ್ ಸ್ಟೂಲ್, ಈ ಮೂರನ್ನು ನೀವು ಹೋಗುವ ಮುಂಚೆಯೇ ಹಾಕಿಸಲು ಹೇಳಿ.

ರಸ್ತೆಯಲ್ಲಿ ಅಲ್ಲಿ ಗಾಡಿಗಳು ಬಲಗಡೆ ಓಡುತ್ತವೆ. ದಾಟುವಾಗ ನಮ್ಮ ಕಣ್ಣು ಅಭ್ಯಾಸಬಲದಿಂದ ಮೊದಲು ಬಲಕ್ಕೆ ಹೋಗುತ್ತದೆ, ಗಾಡಿ ಎಡದಿಂದ ಬರುತ್ತದೆ. ಎರಡೂ ಕಡೆ ನೋಡಿ, ಸಿಗ್ನಲ್ ಇರುವಲ್ಲೇ ದಾಟಿ.

ಫೋನು ಮತ್ತು ಹಣ

ಇಲ್ಲಿನ ಸಿಮ್ ಬಿಡಬೇಡಿ, ಬ್ಯಾಂಕಿನ ಓಟಿಪಿ ಬರುವುದು ಅದಕ್ಕೇ. ಹೊರಡುವ ಮುಂಚೆ ರೋಮಿಂಗ್ ಹಾಕಿಸಿ. 1800ರ ಉಚಿತ ನಂಬರ್ ಹೊರದೇಶದಿಂದ ಸಾಮಾನ್ಯವಾಗಿ ಸಿಗುವುದಿಲ್ಲ. ಹಾಗಾಗಿ ಬ್ಯಾಂಕಿನ +91 ನಂಬರ್ ಬರೆದಿಟ್ಟುಕೊಳ್ಳಿ. ಪೊಲೀಸ್ ವೇಷದವನು ವಿಡಿಯೊ ಕಾಲ್‌ನಲ್ಲಿ ಹೆದರಿಸಿದರೆ ತಕ್ಷಣ ಫೋನ್ ಇಟ್ಟು ಮಕ್ಕಳಿಗೆ ಹೇಳಿ. ಹೀಗೆ ಫೋನಿನಲ್ಲೇ ಬಂಧಿಸುವ ಡಿಜಿಟಲ್ ಅರೆಸ್ಟ್ ಅನ್ನುವುದು ನಮ್ಮ ಕಾನೂನಿನಲ್ಲೇ ಇಲ್ಲ.

ಪಾಸ್‌ಪೋರ್ಟ್, ವೀಸಾ ಪ್ರತಿಗಳನ್ನು ಬೇರೆ ಚೀಲದಲ್ಲಿಡಿ. ಪಾಸ್‌ಪೋರ್ಟ್ ಕಳೆದರೆ ಮೊದಲು ಅಲ್ಲಿನ ಪೊಲೀಸರಿಗೆ ದೂರು, ಆಮೇಲೆ ಭಾರತದ ಕಾನ್ಸುಲೇಟ್. ಊರಿಗೆ ಮರಳುವಷ್ಟಕ್ಕೆ ಅವರು ತುರ್ತು ಪ್ರಮಾಣಪತ್ರ ಕೊಡಬಲ್ಲರು.

ಫ್ರಿಜ್ಜಿನ ಮೇಲೆ ಒಂದು ಹಾಳೆ

ಹಗಲು ಮಕ್ಕಳು ಕೆಲಸಕ್ಕೆ ಹೋಗುತ್ತಾರೆ, ಮನೆಯಲ್ಲಿ ನಾವಿಬ್ಬರೇ. ಒಂದು ಹಾಳೆಯಲ್ಲಿ ಅಮೆರಿಕದ ತುರ್ತು ನಂಬರ್ 911, ಮನೆಯ ಪೂರ್ತಿ ವಿಳಾಸ, ಮಕ್ಕಳ ನಂಬರ್, ನಿಮ್ಮ ಕಾಯಿಲೆ, ವಿಮೆಯ ನಂಬರ್ ದಪ್ಪ ಅಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿ. ಯುರೋಪಿಗೆ ಹೋಗುವವರು 112 ಬರೆದುಕೊಳ್ಳಿ. ಇಂಗ್ಲಿಷ್ ತೊಡರಿದರೆ "ಕನ್ನಡ" ಅಂತ ಹೇಳಿ, ದುಭಾಷಿಯನ್ನು ಫೋನಿನಲ್ಲಿ ಸೇರಿಸುವ ವ್ಯವಸ್ಥೆ ಅಮೆರಿಕದ 911ರಲ್ಲಿ ಹಲವು ಕಡೆ ಇದೆ.

ಎದೆ ನೋವು ಬಂದರೆ, ಮಾತು ತೊದಲಿದರೆ, ಅಳಿಯಂದಿರು ಸಂಜೆ ಬರಲಿ ಅಂತ ಕಾಯಬೇಡಿ. ಬಿಲ್ಲಿಗೆ ಹೆದರಿಯೂ ಕಾಯಬೇಡಿ. ತುರ್ತು ವಿಭಾಗಕ್ಕೆ ಬಂದವರನ್ನು ಹಣ ಇದೆಯೋ ಇಲ್ಲವೋ ಅಂತ ನೋಡದೆ ಮೊದಲು ಪರೀಕ್ಷಿಸಬೇಕು ಎಂಬ ಕಾನೂನು ಅಮೆರಿಕದಲ್ಲಿ 1986ರಿಂದ ಇದೆ. ಆಸ್ಪತ್ರೆ ಸೇರಿದ ಮೇಲೆ ಮಕ್ಕಳು ಬೇಗ ವಿಮೆಯವರಿಗೆ ತಿಳಿಸಲಿ.

ಹಾಳೆಯಲ್ಲಿ ಬರೆದ ಮನೆಯ ವಿಳಾಸವನ್ನು ಬಾಯಿಪಾಠ ಮಾಡಿ. ಬಿದ್ದ ಮೇಲೆ ನಾನು ದಿನಾ ಬೆಳಿಗ್ಗೆ ಕಾಫಿ ಕುಡಿಯುತ್ತಾ ಫ್ರಿಜ್ಜಿನ ಮುಂದೆ ನಿಂತು ಅದನ್ನು ಜೋರಾಗಿ ಓದುತ್ತಿದ್ದೆ. ಎಂಟನೇ ದಿನಕ್ಕೆ ಹಾಳೆ ನೋಡದೆ ಹೇಳಲು ಬಂತು.