ಹಳೇ ಕಾರು ಸಿಗ್ನಲ್‌ನಲ್ಲಿ ಬಂದ್ ಆಗ್ತಿದೆಯಾ? ಸ್ಲೋ ಸ್ಕ್ರೂ ಮುಟ್ಟುವ ಮೊದಲು ಇಷ್ಟು ನೋಡಿ

ಓಡುವಾಗ ಗಾಡಿ ಚೆನ್ನಾಗಿಯೇ ಇರುತ್ತದೆ. ರಾಯಲ್ ಸರ್ಕಲ್‌ನಲ್ಲಿ ಕ್ಲಚ್ ಒತ್ತಿ ನಿಂತರೆ ಸಾಕು, ನಡುಗಿ ಬಂದ್ ಆಗುತ್ತದೆ. ಬಳ್ಳಾರಿಯಲ್ಲಿ ಹಳೇ ಕಾರ್ಬರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸಿ ಎಂಜಿನ್‌ಗೆ ಕಳಿಸುವ ಭಾಗ) ಇರುವ ಮಾರುತಿ 800, ಓಮ್ನಿ ಇಟ್ಟುಕೊಂಡವರಿಗೆ ಈ ಕಾಟ ಗೊತ್ತೇ ಇರುತ್ತದೆ. ಎಲ್ಲರೂ ಮೊದಲು ಮಾಡುವುದು ಸ್ಲೋ ಸ್ಕ್ರೂ ತಿರುಗಿಸಿ ರೇಸ್ ಏರಿಸುವುದು. ಆಗ ಗಾಡಿ ಬಂದ್ ಆಗುವುದಿಲ್ಲ, ನಿಜ. ಆದರೆ ದೋಷ ಒಳಗೇ ಉಳಿಯುತ್ತದೆ, ಪೆಟ್ರೋಲ್ ಸುಮ್ನೆ ಸುಡುತ್ತದೆ. ಆ ಸ್ಕ್ರೂ ಕೊನೆಯ ಕೆಲಸ.

ಮೊದಲು, ಯಾವಾಗ ಬಂದ್ ಆಗುತ್ತದೆ ಎಂದು ಗಮನಿಸಿ. ಬೆಳಿಗ್ಗೆ ತಣ್ಣಗಿದ್ದಾಗ ಮಾತ್ರವಾದರೆ ಚೋಕ್ (ತಣ್ಣಗಿನ ಎಂಜಿನ್‌ಗೆ ಗಾಳಿ ಕಡಿಮೆ ಮಾಡುವ ಮುಚ್ಚಳ) ನೋಡಿ. ಎಸಿ ಹಾಕಿದಾಗ ಮಾತ್ರವಾದರೆ ಆಗ ರೇಸ್ ಏರಿಸಿ ಹಿಡಿಯುವ ವ್ಯವಸ್ಥೆ ಕೆಟ್ಟಿರಬಹುದು. ಬಿಸಿಯಾದ ಮೇಲೆ ಮಾತ್ರವಾದರೆ ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ಮೇಲೆ ಅನುಮಾನ ಪಡಿ. ಪೆಟ್ರೋಲ್ ಪೈಪಿನಲ್ಲಿ ಆವಿ ಕಟ್ಟಿಕೊಳ್ಳುವುದೂ ಉಂಟು, ನಮ್ಮ ಏಪ್ರಿಲ್–ಮೇ ಬಿಸಿಲಿಗೆ ಅದು ಜಾಸ್ತಿ.

ಹೊತ್ತು ಗೊತ್ತಿಲ್ಲದೆ ಬಂದ್ ಆಗುತ್ತಿದ್ದರೆ ಏರ್ ಫಿಲ್ಟರ್‌ನಿಂದ ಶುರು ಮಾಡಿ. ಸಂಡೂರು, ತೋರಣಗಲ್ಲು ಕಡೆ ಅದಿರು ಲಾರಿಗಳ ಹಿಂದೆ ಓಡಾಡುವ ಗಾಡಿಗೆ ಸರ್ವಿಸ್ ಪುಸ್ತಕದ ಕಿಲೋಮೀಟರ್ ಲೆಕ್ಕ ಹೊಂದುವುದಿಲ್ಲ. ಫಿಲ್ಟರ್ ಬಿಚ್ಚಿ ಬಿಸಿಲಿಗೆ ಹಿಡಿಯಿರಿ. ಬೆಳಕು ತೂರದಿದ್ದರೆ ಹೊಸದು ಹಾಕಿ. ಫಿಲ್ಟರ್ ತೆಗೆದಾಗಲೇ ಕಾರ್ಬರೇಟರ್ ಬಾಯೊಳಗೆ ಬೆರಳಾಡಿಸಿ. ಬೆರಳಿಗೆ ಕೆಂಪು ಹತ್ತಿದರೆ ಧೂಳು ಫಿಲ್ಟರ್ ದಾಟಿ ಒಳಗೆ ಹೋಗಿದೆ ಎಂದರ್ಥ. ನಿಂತಾಗ ಎಂಜಿನ್‌ಗೆ ಪೆಟ್ರೋಲ್ ಬರುವುದು ಸೂಜಿಮೊನೆಯಷ್ಟು ಸಣ್ಣ ತೂತಿರುವ ಸ್ಲೋ ಜೆಟ್‌ನಿಂದ. ಅದರಲ್ಲಿ ಒಂದು ಕಣ ಕೂತರೂ ಸಾಕು. ಓಡುವಾಗ ಪೆಟ್ರೋಲ್ ಬೇರೆ ಜೆಟ್‌ನಿಂದ ಬರುವುದರಿಂದ ಏನೂ ಗೊತ್ತಾಗುವುದಿಲ್ಲ. ಜೆಟ್ ಬಿಚ್ಚಿ ಕಾರ್ಬ್ ಕ್ಲೀನರ್, ಗಾಳಿ ಹೊಡೆಯಿರಿ. ತಂತಿ ತೂರಿಸಬೇಡಿ, ತೂತು ದೊಡ್ಡದಾದರೆ ಜೆಟ್ಟೇ ಹೋಯಿತು.

ಮುಂದೆ ಸ್ಪಾರ್ಕ್ ಪ್ಲಗ್. ತುದಿ ತಿಳಿ ಕಂದು ಇದ್ದರೆ ಸರಿ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಬರುತ್ತಿದೆ. ಎಣ್ಣೆ ಜಿಡ್ಡು ಇದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿದೆ. ಮೂರು ಸಿಲಿಂಡರ್‌ನಲ್ಲಿ ಯಾವುದು ಮಿಸ್ಸಿಂಗ್ ಎಂದು ತಿಳಿಯಲು ಎಂಜಿನ್ ಆಫ್ ಮಾಡಿ, ಒಂದು ಪ್ಲಗ್ ಕೇಬಲ್ ಬಿಚ್ಚಿ. ಕೇಬಲ್ ತುದಿಗೆ ಬೇರೊಂದು ಪ್ಲಗ್ ಸಿಕ್ಕಿಸಿ, ಅದರ ಲೋಹ ಎಂಜಿನ್‌ಗೆ ತಾಗುವಂತೆ ಇಡಿ. ಪೆಟ್ರೋಲ್ ವಾಸನೆ ಇದ್ದರೆ ಮಾತ್ರ ಈ ಕೆಲಸ ಬೇಡ. ಸ್ಟಾರ್ಟ್ ಮಾಡಿ ನಾಲ್ಕಾರು ಸೆಕೆಂಡ್ ಕೇಳಿ. ಹೀಗೆ ಒಂದೊಂದಾಗಿ ಮೂರನ್ನೂ ಮಾಡಿ. ಯಾವುದನ್ನು ಬಿಚ್ಚಿದಾಗ ನಡುಕ ಹೆಚ್ಚಾಗುವುದಿಲ್ಲವೋ ಅದೇ ಕೆಲಸ ಮಾಡದ ಸಿಲಿಂಡರ್. ಎಂಜಿನ್ ಓಡುವಾಗ ಕೇಬಲ್ ಮುಟ್ಟಬೇಡಿ, ಶಾಕ್ ಜೋರಾಗಿರುತ್ತದೆ. ಸೆರಗು, ವೇಲು, ಸಡಿಲ ತೋಳು ಫ್ಯಾನ್ ಹತ್ತಿರ ಹೋಗದಿರಲಿ.

ಇಲ್ಲಿಗೂ ಸಿಗದಿದ್ದರೆ ಏರ್ ಲೀಕ್ ಹುಡುಕಿ, ಅಂದರೆ ಸೀಳಿದ ಪೈಪಿನಿಂದ ಹೊರಗಿನ ಗಾಳಿ ಎಂಜಿನ್ ಒಳಗೆ ಸೇರುತ್ತಿದೆಯಾ ನೋಡಿ. ನಮ್ಮ ಬಿಸಿಲಿಗೆ ರಬ್ಬರ್ ಪೈಪು ಗಟ್ಟಿಯಾಗಿ ಸೀಳುತ್ತದೆ. ಈಗಿನ ಪೆಟ್ರೋಲ್‌ನಲ್ಲಿ ಶೇ 20ರಷ್ಟು ಎಥನಾಲ್ ಇರುತ್ತದೆ, ಹಳೇ ಪೆಟ್ರೋಲ್ ಪೈಪುಗಳನ್ನು ಅದಕ್ಕೆಂದು ಮಾಡಿರಲಿಲ್ಲ. ಅವನ್ನೂ ಒಮ್ಮೆ ನೋಡಿಬಿಡಿ. ಎಂಜಿನ್ ಓಡುತ್ತಿರುವಾಗ ಸಣ್ಣ ವ್ಯಾಕ್ಯೂಮ್ ಪೈಪುಗಳನ್ನು ಒಂದೊಂದಾಗಿ ಇಕ್ಕಳದಿಂದ ಮೆಲ್ಲಗೆ ಒತ್ತಿ. ಯಾವುದನ್ನು ಒತ್ತಿದಾಗ ನಡುಕ ನಿಲ್ಲುತ್ತದೋ ಅಲ್ಲೇ ಲೀಕ್. ಬ್ರೇಕ್ ಬೂಸ್ಟರ್ (ಬ್ರೇಕ್ ಹಗುರ ಮಾಡುವ ಭಾಗ) ಇರುವ ಗಾಡಿಯಲ್ಲಿ ಬ್ರೇಕ್ ಒತ್ತಿ ಹಿಡಿದಷ್ಟು ಹೊತ್ತೂ ಎಂಜಿನ್ ಸದ್ದು ಬದಲಾದರೆ ಬೂಸ್ಟರ್ ಕಡೆ ಲೀಕ್ ಇರಬಹುದು.

ಎಂಪಿಎಫ್‌ಐ ಗಾಡಿಗೆ, ಅಂದರೆ ಕಾರ್ಬರೇಟರ್ ಬದಲು ಇಂಜೆಕ್ಟರ್‌ನಿಂದ ಪೆಟ್ರೋಲ್ ಬರುವ ಗಾಡಿಗೆ, ಸ್ಲೋ ಜೆಟ್ ಇಲ್ಲ. ಅದರಲ್ಲಿ ಗಾಳಿ ಒಳಗೆ ಹೋಗುವ ಥ್ರಾಟಲ್ ಬಾಡಿಗೆ ಅಂಟಿದ ಕಪ್ಪು ಮಸಿ ಒರೆಸಿ, ಚೆಕ್ ಎಂಜಿನ್ ಲೈಟ್ ಉರಿಯುತ್ತಿದ್ದರೆ ಸ್ಕ್ಯಾನ್ ಮಾಡಿಸಿ.

ಇಷ್ಟೆಲ್ಲ ಆದ ಮೇಲೆ ಸ್ಲೋ ಸ್ಕ್ರೂ. ಎಂಜಿನ್ ಚೆನ್ನಾಗಿ ಬಿಸಿಯಾಗಿರಲಿ, ಎಸಿ, ಲೈಟ್ ಆಫ್ ಇರಲಿ, ಚೋಕ್ ಗುಂಡಿ ಒಳಗೆ ಒತ್ತಿರಲಿ. 800–900 ಆರ್‌ಪಿಎಂ ಸಾಕು. ಪೆಟ್ರೋಲ್–ಗಾಳಿ ಪ್ರಮಾಣ ಹೊಂದಿಸುವ ಮಿಕ್ಸ್ಚರ್ ಸ್ಕ್ರೂವನ್ನು ಹೊಗೆ ತಪಾಸಣೆ ಕೇಂದ್ರದಲ್ಲಿ ಮೆಷಿನ್ ಹಾಕಿಯೇ ಸೆಟ್ ಮಾಡಿಸಿ. ಆಗಲೂ ನಡುಕ ಹೋಗದಿದ್ದರೆ ಮೆಕ್ಯಾನಿಕ್ ಹತ್ತಿರ ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ಚೆಕ್ ಮಾಡಿಸಿ. ಯಾವ ಸಿಲಿಂಡರ್ ಮಿಸ್ಸಿಂಗ್, ಏನೇನು ನೋಡಿ ಆಯಿತು ಎಂದು ಅವರಿಗೆ ಮೊದಲೇ ಹೇಳಿಬಿಡಿ.