ಬಲಗಡೆಗೆ ಎರಡು ವಾಷರ್ ಜಾಸ್ತಿ

ನನ್ನ ಪಿಕಪ್ ಟ್ರಕ್ ಖಾಲಿ ಇದ್ದಾಗ ಹಿಂಭಾಗ ತೀರಾ ಹಗುರ. ನೇರ ಓಟದ ಸ್ಪರ್ಧೆ ನಡೆಯುವ ಡ್ರ್ಯಾಗ್ ಸ್ಟ್ರಿಪ್‌ನಲ್ಲಿ ಹಸಿರು ದೀಪ ಬಿದ್ದ ಕೂಡಲೇ ಆಕ್ಸಿಲರೇಟರ್ ಒತ್ತಿದರೆ, ಮುಂದಕ್ಕೆ ನುಗ್ಗುವ ಬದಲು ಹಿಂದಿನ ಚಕ್ರಗಳು ದಬದಬ ಕುಣಿಯುತ್ತಿದ್ದವು. ಮೊದಲು ಟೈರಿನ ಮೇಲೆ ಅನುಮಾನ ಬಂತು, ಗಾಳಿ ಇಳಿಸಿದೆ. ಆಮೇಲೆ ಹಿಂದಿನ ಎರಡೂ ಶಾಕ್ ಅಬ್ಸಾರ್ಬರ್ ಬದಲಿಸಿದೆ. ಕುಣಿತ ಸ್ವಲ್ಪ ತಗ್ಗಿತು, ನಿಲ್ಲಲಿಲ್ಲ. ದುಡ್ಡಂತೂ ಹೋಯಿತು.

ಕೊನೆಗೆ ಒಂದು ಹಳೇ ಮೊಬೈಲನ್ನು ಚಾಸಿಗೆ (ಗಾಡಿಯ ಚೌಕಟ್ಟಿಗೆ) ಬಿಗಿಯಾಗಿ ಕಟ್ಟಿ, ಹಿಂದಿನ ಎರಡು ಚಕ್ರಗಳ ನಡುವಿನ ಆಕ್ಸಲ್ ಕಾಣುವ ಹಾಗೆ ವಿಡಿಯೋ ಮಾಡಿದೆ. ಇದನ್ನು ಮೊದಲೇ ಮಾಡಬೇಕಿತ್ತು. ಆ ವಿಡಿಯೋವನ್ನು ನಿಧಾನವಾಗಿ ಓಡಿಸಿ ನೋಡಿದರೆ ಎಲ್ಲ ಕಣ್ಣೆದುರೇ ಇತ್ತು. ಚಕ್ರ ಮುಂದಕ್ಕೆ ತಿರುಗಲು ಹೊರಟಾಗ ಆಕ್ಸಲಿನ ಹೊರಕವಚ (ಹೌಸಿಂಗ್) ಅದಕ್ಕೆ ವಿರುದ್ಧವಾಗಿ ತಿರುಚಿಕೊಳ್ಳುತ್ತದೆ. ಅದರ ಮುಂದಿನ ತುದಿ, ಅಂದರೆ ಪಿನಿಯನ್ ಮೂತಿ, ಮೇಲೇಳುತ್ತದೆ. ಉಕ್ಕಿನ ಪಟ್ಟಿಗಳ ಲೀಫ್ ಸ್ಪ್ರಿಂಗ್ ಹಾವಿನ ಹಾಗೆ ಡೊಂಕಾಗುತ್ತದೆ. ಒಂದು ಹಂತದಲ್ಲಿ ಟೈರ್ ಹಿಡಿತ ಬಿಡುತ್ತದೆ, ಸ್ಪ್ರಿಂಗ್ ಸಟಕ್ಕನೆ ವಾಪಸ್ ಚಿಮ್ಮುತ್ತದೆ, ಟೈರ್ ಮತ್ತೆ ಕಚ್ಚಿಕೊಳ್ಳುತ್ತದೆ, ಮತ್ತೆ ತಿರುಚು. ಇದೇ ಸೆಕೆಂಡಿಗೆ ಹಲವು ಸಲ. ಗಾಡಿ ಎತ್ತರವಾಗಲಿ ಅಂತ ಆಕ್ಸಲ್ ಮತ್ತು ಸ್ಪ್ರಿಂಗ್ ನಡುವೆ ಹಾಕಿಸಿದ್ದ ಬ್ಲಾಕ್‌ಗಳು ಈ ತಿರುಚುವಿಕೆಗೆ ಮೀಟುಗೋಲಿನ ಹಾಗೆ ಇನ್ನಷ್ಟು ಬಲ ಕೊಟ್ಟಿದ್ದವು. ಅವನ್ನು ಅಂದೇ ಬಿಚ್ಚಿದೆ. ಚಂದಕ್ಕೆ ಹಾಕಿದ್ದು ಅಷ್ಟೇ.

ಆಮೇಲೆ ಈ ತಿರುಚನ್ನು ತಡೆಯುವ ಟ್ರ್ಯಾಕ್ಷನ್ ಬಾರ್ ತಂದೆ. ನಾನು ಆರಿಸಿದ್ದು ಸರಳ ಮಾದರಿ: ಬಾರಿನ ಹಿಂಬದಿ ಆಕ್ಸಲ್‌ಗೆ ಯು-ಬೋಲ್ಟ್ ಜೊತೆ ಗಟ್ಟಿಯಾಗಿ ಕೂರುತ್ತದೆ, ಮುಂಬದಿಯಲ್ಲಿ ಒಂದು ಸ್ನಬ್ಬರ್, ಅಂದರೆ ತಡೆಯುವ ರಬ್ಬರ್ ತುಂಡು, ಮೇಲಕ್ಕೆ ಮುಖ ಮಾಡಿರುತ್ತದೆ. ಆಕ್ಸಲ್ ತಿರುಚಲು ಹೊರಟರೆ ಬಾರಿನ ಮೂತಿ ಎದ್ದು ರಬ್ಬರ್ ಸ್ಪ್ರಿಂಗ್‌ನ ಮುಂದಿನ ಕಣ್ಣಿಗೆ (ಚಾಸಿಗೆ ಸೇರುವ ಸುರುಳಿ ತುದಿಗೆ) ತಾಗುತ್ತದೆ, ತಿರುಚು ಅಲ್ಲಿಗೇ ನಿಲ್ಲುತ್ತದೆ. ಚಾಸಿಯನ್ನು ಮೇಲಕ್ಕೆ ತಳ್ಳುವ ಆ ಬಲಕ್ಕೆ ಪ್ರತಿಯಾಗಿ ಟೈರ್ ನೆಲಕ್ಕೆ ಒತ್ತಿಕೊಳ್ಳುತ್ತದೆ.

ಹಾಕಿದ ಮೊದಲ ದಿನ ಹೆಚ್ಚೇನೂ ಬದಲಾಗಲಿಲ್ಲ! ರಬ್ಬರಿನ ಮೇಲೆ ಸೀಮೆಸುಣ್ಣ ಬಳಿದು ಒಂದು ಲಾಂಚ್ (ನಿಂತಲ್ಲಿಂದ ಜೋರಾಗಿ ಹೊರಡುವುದು) ಮಾಡಿ ನೋಡಿದೆ. ಗುರುತು ಕಣ್ಣಿನ ಕೆಳಗೆ ಬೀಳುವ ಬದಲು ನಾಲ್ಕು ಬೆರಳು ಹಿಂದೆ, ಪಟ್ಟಿಯ ಮೇಲೇ ಬಿದ್ದಿತ್ತು. ಅಂದರೆ ಬಾರ್ ತನ್ನ ಬಲವನ್ನೆಲ್ಲ ಪಟ್ಟಿಯನ್ನು ಬಗ್ಗಿಸಲು ಖರ್ಚು ಮಾಡುತ್ತಿತ್ತು. ಬಾರಿನಲ್ಲಿ ಸ್ನಬ್ಬರಿಗೆ ಮೂರು ತೂತುಗಳಿವೆ. ನಾನು ಸುಮ್ನೆ ನಡುವಿನದ್ದಕ್ಕೆ ಹಾಕಿದ್ದೆ. ಎಲ್ಲಕ್ಕಿಂತ ಮುಂದಿರುವ ತೂತಿಗೆ ಬದಲಿಸಿದ ಮೇಲೆ ಗುರುತು ನೇರ ಕಣ್ಣಿನ ಕೆಳಗೆ ಬಿತ್ತು, ಕುಣಿತ ಪೂರ್ತಿ ನಿಂತಿತು.

ಇಷ್ಟಕ್ಕೇ ತೃಪ್ತಿಪಟ್ಟುಕೊಳ್ಳುವವರು ತುಂಬ ಜನ. ನಿಜವಾದ ಟ್ಯೂನಿಂಗ್ ಶುರುವಾಗುವುದು ಇಲ್ಲಿಂದ, ರಬ್ಬರಿಗೂ ಕಣ್ಣಿಗೂ ಇರುವ ಸಂದಿನಿಂದ.

ಇಲ್ಲೂ ನಾನು ಎಡವಿದೆ. ಚಾಸಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಆಕ್ಸಲ್ ಜೋತಾಡುತ್ತಿರುವಾಗ ಎರಡೂ ಕಡೆ 10 ಮಿ.ಮೀ. ಸಂದು ಇಟ್ಟೆ. ಗಾಡಿ ಕೆಳಗಿಳಿಸಿದಾಗ ಭಾರಕ್ಕೆ ಪಟ್ಟಿ ಚಪ್ಪಟೆಯಾಗಿ ಕಣ್ಣು ಕೆಳಗೆ ಬಂತು, ಸಂದು ಇಲ್ಲವಾಯಿತು. ಸಣ್ಣ ಉಬ್ಬಿನ ಮೇಲೆ ಹೋದರೂ ಠಕ್ ಠಕ್. ಆಮೇಲೆ ಸಮತಟ್ಟಾದ ನೆಲದಲ್ಲಿ, ನಾಲ್ಕೂ ಚಕ್ರದ ಮೇಲೆ ನಿಲ್ಲಿಸಿ, ಅರ್ಧ ಟ್ಯಾಂಕ್ ಇಂಧನ ಇಟ್ಟು, ನನ್ನಷ್ಟೇ ತೂಕದ ಗೆಳೆಯನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ ಅಳತೆ ತೆಗೆದೆ. ಅವನಿಗೆ ಬೇಜಾರು. ಆದರೆ ಓಡಿಸುವಾಗ ಇರುವ ಭಾರದಲ್ಲೇ ಅಳೆಯಬೇಕು, ಅಲ್ವಾ?

ಎರಡೂ ಕಡೆ ಸಮ ಸಂದು ಇಟ್ಟು ಹೊರಟರೆ ಟ್ರಕ್ ಪ್ರತಿ ಸಲವೂ ಬಲಕ್ಕೆ ಎಳೆಯುತ್ತಿತ್ತು. ನನ್ನದರಲ್ಲಿ ಒಂದೇ ಚಕ್ರ ಸುಮ್ಮನೆ ಸುತ್ತದಂತೆ ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇರುವುದರಿಂದ ಎರಡೂ ಚಕ್ರ ತಳ್ಳುತ್ತವೆ, ಆದರೂ ಸಮನಾಗಿ ತಳ್ಳುತ್ತಿರಲಿಲ್ಲ. ಕಾರಣ ಎಂಜಿನ್ನಿನ ಶಕ್ತಿಯನ್ನು ಹಿಂದಿನ ಆಕ್ಸಲ್ಲಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್. ಅದು ಹಿಂದಿನಿಂದ ನೋಡಿದರೆ ಎಡಕ್ಕೆ (ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ) ತಿರುಗುತ್ತದೆ, ಆಕ್ಸಲನ್ನೂ ಅದೇ ದಿಕ್ಕಿಗೆ ಹೊರಳಿಸಲು ನೋಡುತ್ತದೆ. ಎಡ ಚಕ್ರ ನೆಲಕ್ಕೆ ಒತ್ತಿಕೊಳ್ಳುತ್ತದೆ, ಬಲ ಚಕ್ರ ಹಗುರಾಗುತ್ತದೆ. ಎಡ ಚಕ್ರ ಜಾಸ್ತಿ ತಳ್ಳಿದರೆ ಗಾಡಿ ಬಲಕ್ಕೆ ತಿರುಗಲೇಬೇಕು.

ಉಪಾಯ ಸರಳ. ಬಲಗಡೆಯ ಬಾರ್ ಮೊದಲು ತಾಗಬೇಕು. ಬಲ ಸ್ನಬ್ಬರಿನ ಕೆಳಗೆ 3 ಮಿ.ಮೀ. ದಪ್ಪದ ಒಂದು ವಾಷರ್ ಸೇರಿಸಿ ಓಡಿಸಿದೆ. ಎಳೆತ ಕಡಿಮೆಯಾಯಿತು. ಎರಡು ಸೇರಿಸಿದೆ, ನೇರವಾಗಿ ಹೊರಟಿತು. ಆಸೆಬುರುಕತನ ಬಿಡಬೇಕಲ್ಲ, ಮೂರನೆಯದನ್ನೂ ಹಾಕಿದೆ. ಈಗ ಎಡಕ್ಕೆ ಎಳೆಯಿತು! ಮೂರನೆಯದನ್ನು ತೆಗೆದೆ. ಎಡಗಡೆ 10, ಬಲಗಡೆ 4 ಮಿ.ಮೀ. ಇದು ನನ್ನ ಟ್ರಕ್ಕಿನ ಲೆಕ್ಕ, ಬೇರೆ ಸ್ಪ್ರಿಂಗ್, ಬೇರೆ ಟೈರ್ ಇದ್ದರೆ ಬೇರೆ ಅಂಕಿ ಬರುತ್ತದೆ. ಒಂದು ಸಲಕ್ಕೆ ಒಂದೇ ವಾಷರ್ ಬದಲಿಸಿ, ಟೈರಿನ ಗಾಳಿ ಮುಟ್ಟದೆ, ಎರಡು ಮೂರು ಲಾಂಚ್ ನೋಡಿ ಆಮೇಲೆ ಮುಂದಿನದಕ್ಕೆ ಹೋಗಿದ್ದರಿಂದ ತಲೆ ಕೆಡಲಿಲ್ಲ.

ಮೊದಲ 60 ಅಡಿ ದಾಟಲು 2.3 ಸೆಕೆಂಡ್ ಹಿಡಿಯುತ್ತಿದ್ದದ್ದು 2.05ಕ್ಕೆ ಇಳಿಯಿತು. ಎಂಜಿನ್ನಿಗೆ ಒಂದು ಸ್ಪ್ಯಾನರ್ ಕೂಡ ಹಚ್ಚಿಲ್ಲ.

ಬಾರ್ ಹಾಕಿದ ಮೇಲೆ ಯು-ಬೋಲ್ಟ್‌ಗಳು ಒಂದೆರಡು ಓಟದಲ್ಲೇ ಸಡಿಲಾಗಿದ್ದವು. ಈಗ ಪ್ರತಿ ಓಟದ ದಿನವೂ ಟಾರ್ಕ್ ರೆಂಚ್ ಹಿಡಿದು ಒಂದು ಸುತ್ತು ನೋಡುತ್ತೇನೆ. ಹಿಂದೆ ಸಾಮಾನು ತುಂಬುವ ದಿನ ಎರಡೂ ಸ್ನಬ್ಬರ್ ಬಿಚ್ಚಿ ಸೀಟಿನ ಹಿಂದೆ ಎಸೆಯುತ್ತೇನೆ. ಹೊರೆಗೆ ಪಟ್ಟಿ ಇಳಿದರೆ ರಬ್ಬರ್ ಸದಾ ಒತ್ತಿಕೊಂಡೇ ಇರುತ್ತದೆ, ಆಗ ಟ್ರಕ್ ಎತ್ತಿನ ಗಾಡಿಯ ಹಾಗೆ ಎತ್ತಿ ಹಾಕುತ್ತದೆ.