ತೋಟದ ಪಂಪುಶೆಡ್ಡಿಗೆ ಹಗುರ ಸಾಫ್ಟ್‌ವೇರ್: ನಾನು ಆರಿಸಿದ್ದು, ಬಿಟ್ಟದ್ದು

ಪಂಪುಶೆಡ್ಡಿನಲ್ಲಿ ಕೂರುವ ಕಂಪ್ಯೂಟರಿಗೆ ಯಾವ ಸಾಫ್ಟ್‌ವೇರ್ ಹಾಕುವಾಗಲೂ ನಾನು ಮೊದಲು ಕೇಳುವುದು ಒಂದೇ: ಇದು ಓಡುತ್ತಿರುವಾಗ ಕರೆಂಟು ಹೋದರೆ ಏನಾಗುತ್ತದೆ? ಕಾಸರಗೋಡಿನ ಪೆರ್ಲ ಕಡೆಯ ನಮ್ಮ ತೋಟದಲ್ಲಿ ಉತ್ತರಕ್ಕೆ ಹೆಚ್ಚು ಕಾಯಬೇಕಾಗಿಲ್ಲ. ತುಲಾವರ್ಷದ (ಹಿಂಗಾರು ಮಳೆಯ) ಸಮಯದಲ್ಲಿ ಮಧ್ಯಾಹ್ನದ ಮೇಲೆ ಮೋಡ ಕಟ್ಟಿತೆಂದರೆ ಕರೆಂಟು ಹೋಯಿತೆಂದೇ ಲೆಕ್ಕ. ಬೇಸಗೆಯಲ್ಲಿ ಎಲ್ಲರೂ ಒಟ್ಟಿಗೆ ಸ್ಪ್ರಿಂಕ್ಲರ್ ಬಿಟ್ಟಾಗ ವೋಲ್ಟೇಜೇ ಇರುವುದಿಲ್ಲ.

ಕೆಲಸ ದೊಡ್ಡದೇನಲ್ಲ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ಟಾಂಕಿಗೆ ಬೀಳುತ್ತದೆ. ಟಾಂಕಿಯಲ್ಲಿ ಎಷ್ಟಿದೆ, ಪಂಪು ಓಡುತ್ತಿದೆಯೋ ಇಲ್ಲವೋ, ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಗೂಡಿನೊಳಗೆ ಬಿಸಿ ಎಷ್ಟು ಎಂಬುದಷ್ಟೇ ತಿಳಿಯಬೇಕು. ಅಳೆಯಲು ಅಲ್ಲಲ್ಲಿ ಇಎಸ್‌ಪಿ8266 ಎಂಬ ಪುಟ್ಟ ವೈಫೈ ಬೋರ್ಡುಗಳಿವೆ. ಅವು ಕಳಿಸಿದ್ದನ್ನು ಕೂಡಿಸಿಟ್ಟು ಫೋನಿಗೆ ತೋರಿಸಲು ನಡುವೆ ರಾಸ್ಪ್‌ಬೆರಿ ಪೈ ಝೀರೋ ಡಬ್ಲ್ಯು ಎಂಬ ಒಂದು ಪುಟಾಣಿ ಕಂಪ್ಯೂಟರು. ಒಂದೇ ಕೋರ್, 1 ಗಿಗಾಹರ್ಟ್ಸ್, 512 ಎಂಬಿ ರ‍್ಯಾಮ್.

ಇಂಥದ್ದಕ್ಕೆ ಯಾರನ್ನು ಕೇಳಿದರೂ ಬರುವ ಸಲಹೆ ಸೆನ್ಸರುಗಳ ಸುದ್ದಿಯನ್ನು ಜೋಡಿಸಲು ನೋಡ್-ರೆಡ್, ಅಂಕಿಗಳನ್ನು ಕೂಡಿಸಿಡಲು ಇನ್‌ಫ್ಲಕ್ಸ್‌ಡಿಬಿ, ಗ್ರಾಫು ತೋರಿಸಲು ಗ್ರಫಾನಾ. ಮೂರೂ ಒಳ್ಳೆಯವೇ, ನಾಲ್ಕು ಜಿಬಿಯ ಪೈ ಇದ್ದವರು ಧಾರಾಳವಾಗಿ ಹಾಕಿಕೊಳ್ಳಲಿ. ಆದರೆ ಇನ್‌ಫ್ಲಕ್ಸ್‌ಡಿಬಿಯ ಎರಡನೇ ಆವೃತ್ತಿಗೆ 64 ಬಿಟ್ ಯಂತ್ರ ಬೇಕು, ಝೀರೋ ಡಬ್ಲ್ಯು 32 ಬಿಟ್ಟಿನದು. ಅಲ್ಲಿಗೇ ಆ ಮಾತು ಮುಗಿಯಿತು. ಗ್ರಫಾನಾದ ಬಣ್ಣದ ಗ್ರಾಫುಗಳನ್ನು ಭಾವನಿಗೆ ತೋರಿಸಿದ್ದೆ. "ಟಾಂಕಿಲಿ ನೀರೆಷ್ಟಿದ್ದು ಹೇಳಿ ಗೊಂತಾದರೆ ಸಾಕು" ಎಂದ. ಪಂಪಿನ ಸ್ವಿಚ್ಚು ಒತ್ತುವವನು ಅವನೇ ಆದ್ದರಿಂದ ಅದನ್ನೇ ಅಳತೆಗೋಲು ಮಾಡಿಕೊಂಡೆ.

ಹಗುರ ಎಂದರೆ ಎಷ್ಟು ಎಂಬಿ ಎಂದು ನೋಡುವವರೇ ಹೆಚ್ಚು. ನನಗೆ ಮುಖ್ಯವಾಗುವುದು ಅದು ಪೈಗೆ ಡಿಸ್ಕಾಗಿರುವ ಎಸ್‌ಡಿ ಕಾರ್ಡಿನ ಮೇಲೆ ಎಷ್ಟು ಸಲ ಬರೆಯುತ್ತದೆ ಎಂಬುದು. ಎಸ್‌ಡಿ ಕಾರ್ಡಿನಲ್ಲಿ ಒಂದು ಸಾಲು ಬದಲಿಸಿದರೂ ಒಳಗಿನ ಕಂಟ್ರೋಲರ್ ದೊಡ್ಡ ಬ್ಲಾಕನ್ನೇ ಅಳಿಸಿ ಬರೆಯಬೇಕಾದೀತು. ಆ ಹೊತ್ತಿಗೆ ಕರೆಂಟು ಹೋದರೆ ನೀವು ಮುಟ್ಟಿಯೇ ಇರದ ಫೈಲೂ ಕೆಡಬಹುದು. ಆದ್ದರಿಂದ ಆಲ್ಪೈನ್ ಎಂಬ ಚಿಕ್ಕ ಲಿನಕ್ಸ್ ಹಾಕಿ ಅದನ್ನು ಡಿಸ್ಕ್‌ಲೆಸ್ ರೀತಿಯಲ್ಲಿ ಓಡಿಸುತ್ತೇನೆ. ಬೂಟ್ ಆಗುವಾಗ ಇಡೀ ವ್ಯವಸ್ಥೆ ರ‍್ಯಾಮಿಗೆ ಬರುತ್ತದೆ, ಆಮೇಲೆ ಕಾರ್ಡಿನ ಬೂಟ್ ಪಾರ್ಟಿಷನ್ ಓದುವುದಕ್ಕೆ ಮಾತ್ರ. ಸೆಟ್ಟಿಂಗ್ ಬದಲಿಸಿದರೆ "ಎಲ್‌ಬಿಯು ಕಮಿಟ್" ಎಂದು ಕೊಟ್ಟಾಗಷ್ಟೇ ಅದು ಕಾರ್ಡಿಗೆ ಹೋಗುತ್ತದೆ, ಕೊಡದಿದ್ದರೆ ಮುಂದಿನ ಬೂಟಿನಲ್ಲಿ ಮೊದಲಿನಂತೆ. ಇಲ್ಲೊಂದು ಎಚ್ಚರ ಬೇಕು: ಹಾಕಿಕೊಂಡ ಪ್ಯಾಕೇಜುಗಳ ಪ್ರತಿ (ಕ್ಯಾಶ್) ಕಾರ್ಡಿನಲ್ಲೇ ಇರುವಂತೆ ಮಾಡಿಡಿ. ಇಲ್ಲದಿದ್ದರೆ ಕರೆಂಟು ಬಂದಾಗ ಆಲ್ಪೈನ್ ಅವನ್ನು ನೆಟ್ಟಿನಿಂದ ತರಲು ಹೋಗುತ್ತದೆ. ನಮ್ಮಲ್ಲಿ ಕರೆಂಟಿನ ಜೊತೆಗೇ ನೆಟ್ಟು ಬರುವುದು ಅಪರೂಪ.

ಆಲ್ಪೈನಿನ ಒಳಗಿರುವುದು ಬ್ಯುಸಿಬಾಕ್ಸ್ ಮತ್ತು ಮಸ್ಲ್. ಡೆಬಿಯನ್ ಎಂಬ ಲಿನಕ್ಸಿನ ಇನ್‌ಸ್ಟಾಲರನ್ನು ಒಂದೇ ಫ್ಲಾಪಿಯಲ್ಲಿ ಹಿಡಿಸಲು 90ರ ದಶಕದಲ್ಲಿ ಬ್ರೂಸ್ ಪೆರೆನ್ಸ್ ಶುರುಮಾಡಿದ್ದು ಬ್ಯುಸಿಬಾಕ್ಸ್. ಒಂದೇ ಪ್ರೋಗ್ರಾಮು, ಕರೆದ ಹೆಸರಿಗೆ ತಕ್ಕಂತೆ ಫೈಲುಗಳ ಪಟ್ಟಿ ಕೊಡುವ ಎಲ್‌ಎಸ್ ಅದೇ, ಸಾಲುಗಳಿಂದ ಬೇಕಾದ್ದನ್ನು ಹೆಕ್ಕುವ ಆಕ್ ಅದೇ, ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್ ಅದೇ. ಪುಟ ತೋರಿಸುವ ಎಚ್‌ಟಿಟಿಪಿಡಿ, ಯಂತ್ರ ಸಿಕ್ಕಿಹಾಕಿಕೊಂಡರೆ ರೀಸ್ಟಾರ್ಟ್ ಆಗಲು ಬೇಕಾದ ವಾಚ್‌ಡಾಗ್ ಕೂಡ ಅದರಲ್ಲೇ ಸಿಗುತ್ತವೆ. ಆಲ್ಪೈನಿನಲ್ಲಿ ಅವುಗಳಲ್ಲಿ ಕೆಲವನ್ನು ಬೇರೆ ಪ್ಯಾಕೇಜಾಗಿ ಸೇರಿಸಿಕೊಳ್ಳಬೇಕು, ಅಷ್ಟೆ. ಪ್ರೋಗ್ರಾಮುಗಳಿಗೆಲ್ಲ ತಳಪಾಯವಾದ ಸಿ ಲೈಬ್ರರಿ ಮಸ್ಲ್‌ನದ್ದು ಬೇರೆ ಕತೆ. ಪುಟ್ಟದು, ಚೊಕ್ಕ, ನಿಜ. ಆದರೆ ಹೆಚ್ಚಿನ ಲಿನಕ್ಸುಗಳಲ್ಲಿರುವ ಜಿಲಿಬ್‌ಸಿಗೆಂದು ಕಟ್ಟಿದ ಪೈಥಾನ್ ವೀಲುಗಳು (ಮೊದಲೇ ಕಂಪೈಲ್ ಮಾಡಿಟ್ಟ ಪ್ಯಾಕೇಜುಗಳು) ಅದರ ಮೇಲೆ ನಡೆಯುವುದಿಲ್ಲ, ಸೋರ್ಸಿನಿಂದ ಕಂಪೈಲ್ ಮಾಡಬೇಕು. ಝೀರೋದಲ್ಲಿ ಅದಕ್ಕೆ ಕೂತರೆ ಊಟ ಮುಗಿಸಿ ಬಂದರೂ ಆಗಿರುವುದಿಲ್ಲ. ನಿಮ್ಮ ಸೆನ್ಸರಿನ ಲೈಬ್ರರಿ ಪೈಥಾನಿನಲ್ಲಿ ಮಾತ್ರ ಇದ್ದರೆ ಆಲ್ಪೈನಿನ ಆಸೆ ಬಿಡುವುದೇ ಒಳ್ಳೆಯದು. ನನ್ನದೆಲ್ಲ ಶೆಲ್ಲು ಮತ್ತು ಆಕ್, ಹಾಗಾಗಿ ತೊಂದರೆ ಬರಲಿಲ್ಲ.

ಹೆಚ್ಚು ತಲೆ ಕೆಡಿಸಿಕೊಂಡದ್ದು ಲೆಕ್ಕ ಎಲ್ಲಿ ಇಡುವುದೆಂದು. ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್ ನನಗೆ ಇಷ್ಟ, ಆದರೆ ಅದು ಬರೆದದ್ದನ್ನು ಖಾಯಂ ಮಾಡುವ ಪ್ರತಿ ಕಮಿಟ್ಟಿಗೂ ಡಿಸ್ಕು ಮುಟ್ಟುತ್ತದೆ. ಟಾಂಕಿಯ ಮಟ್ಟಕ್ಕೆ, ಹೊತ್ತುಹೊತ್ತಿನ ಅಂಕಿಗಳನ್ನು ಇಡುವ ಆರ್‌ಆರ್‌ಡಿಟೂಲ್ ಸಾಕು ಅನಿಸಿತು. ಅದರ ಫೈಲಿನ ಗಾತ್ರ ಮಾಡುವಾಗಲೇ ನಿಗದಿಯಾಗುತ್ತದೆ, ಎಷ್ಟು ವರ್ಷ ಓಡಿದರೂ ಬೆಳೆಯುವುದಿಲ್ಲ. ಹಳೆಯ ಅಂಕಿಗಳು ಸರಾಸರಿಯಾಗುತ್ತಾ ಹೋಗುತ್ತವೆ. ಹೋದ ವೃಶ್ಚಿಕ ಮಾಸದ ಒಂದು ಮಂಗಳವಾರ ಮೂರು ಗಂಟೆಗೆ ನೀರೆಷ್ಟಿತ್ತು ಎಂದು ನಮ್ಮನೆಯಲ್ಲಿ ಯಾರೂ ಕೇಳುವುದಿಲ್ಲ. ಈ ಫೈಲು ರ‍್ಯಾಮಿನಲ್ಲಿರುತ್ತದೆ, ಗಂಟೆಗೊಮ್ಮೆ ಕಾರ್ಡಿನ ಎರಡನೇ ಪಾರ್ಟಿಷನ್ನಿಗೆ ನಕಲಾಗುತ್ತದೆ. ನಕಲಿನ ಕ್ರಮ ಮುಖ್ಯ. ಹಳೆಯ ಫೈಲಿನ ಮೇಲೆ ನೇರ ಬರೆಯಬಾರದು. ಬೇರೆ ಹೆಸರಿನಲ್ಲಿ ಪೂರ್ತಿ ಬರೆದು, ಬರೆದದ್ದು ನಿಜಕ್ಕೂ ಕಾರ್ಡಿಗೆ ಹೋಗುವಂತೆ ಸಿಂಕ್ ಕೊಟ್ಟು, ಆಮೇಲೆ ಎಂವಿ ಎಂಬ ಕಮಾಂಡಿನಿಂದ ಹಳೆಯ ಹೆಸರಿಗೆ ಬದಲಿಸಬೇಕು. ಒಂದೇ ಪಾರ್ಟಿಷನ್ನಿನೊಳಗೆ ಹೆಸರು ಬದಲಾಗುವುದು ಒಂದೇಟಿಗೆ, ಅರೆಬರೆ ಆಗುವುದಿಲ್ಲ. ನಡುವೆ ಕರೆಂಟು ಹೋದರೆ ಹಳೆಯದಾದರೂ ಸಿಗುತ್ತದೆ, ಹೋಗುವುದು ಒಂದು ಗಂಟೆಯ ಲೆಕ್ಕ. ಪಂಪು ಆನ್ ಆದದ್ದು, ಆಫ್ ಆದದ್ದು ಮಾತ್ರ ಆದ ತಕ್ಷಣವೇ ಕಾರ್ಡಿಗೆ ಬರೆಯುತ್ತೇನೆ, ದಿನಕ್ಕೆ ಕೆಲವೇ ಸಾಲು.

ಆರ್‌ಆರ್‌ಡಿಟೂಲಿಗೆ ಒಂದು ಹಟ ಇದೆ: ಕೊನೆಯ ಅಂಕಿಗಿಂತ ಹಿಂದಿನ ಸಮಯ ಕೊಟ್ಟರೆ ತೆಗೆದುಕೊಳ್ಳುವುದೇ ಇಲ್ಲ. ಝೀರೋದಲ್ಲಿ ಬ್ಯಾಟರಿ ಗಡಿಯಾರವಿಲ್ಲ. ನೆಟ್ಟು ಬರುವವರೆಗೆ ಅದಕ್ಕೆ ಸರಿಯಾದ ಹೊತ್ತೇ ಗೊತ್ತಿರುವುದಿಲ್ಲ, ಬಂದ ಅಂಕಿಗಳೆಲ್ಲ ವ್ಯರ್ಥ. ಸಾಫ್ಟ್‌ವೇರಿನಲ್ಲಿ ಸರ್ಕಸ್ ಮಾಡುವ ಬದಲು ಡಿಎಸ್3231 ಗಡಿಯಾರದ ಮಾಡ್ಯೂಲೊಂದನ್ನು ಸೇರಿಸಿದೆ.

ಸೆನ್ಸರುಗಳ ಸುದ್ದಿ ತರುವುದು ಎಂಕ್ಯೂಟಿಟಿ. ಎಣ್ಣೆಯ ಪೈಪುಗಳನ್ನು ಉಪಗ್ರಹದ ಮೂಲಕ ಗಮನಿಸಲು 1999ರಲ್ಲಿ ಮಾಡಿದ ಕ್ರಮ ಅದು, ಒಂದೊಂದು ಸಂದೇಶದ ತಲೆಭಾಗ ಎರಡೇ ಬೈಟಿನಿಂದ ಶುರು. ಸಂದೇಶಗಳನ್ನು ಪಡೆದು ಬೇಕಾದವರಿಗೆ ತಲುಪಿಸುವ ಬ್ರೋಕರ್ ಮೊಸ್ಕಿಟೋ. 2.0ರಿಂದೀಚೆಗೆ ಅದು ಯಾವ ಪೋರ್ಟಿನಲ್ಲಿ ಕೇಳಬೇಕೆಂಬ "ಲಿಸನರ್" ಸಾಲನ್ನು ಸೆಟ್ಟಿಂಗಿನಲ್ಲಿ ಬರೆದು ಕೊಡದಿದ್ದರೆ ಹೊರಗಿನ ಯಂತ್ರಗಳ ಮಾತು ಕೇಳುವುದಿಲ್ಲ. ಹೊಸಬರಲ್ಲಿ ತುಂಬ ಜನ ಇಲ್ಲೇ ಸಿಕ್ಕಿಬೀಳುತ್ತಾರೆ. ದೂರದಿಂದ ಒಳಹೊಕ್ಕಲು ಡ್ರಾಪ್‌ಬೇರ್ ಎಂಬ ಹಗುರ ಎಸ್‌ಎಸ್‌ಎಚ್ ಸರ್ವರು. ಅದರಲ್ಲಿ ಫೈಲು ಕಳಿಸುವ ಎಸ್‌ಎಫ್‌ಟಿಪಿ ಇಲ್ಲ, ಆದ್ದರಿಂದ ಅದನ್ನೇ ನಂಬಿರುವ ಲ್ಯಾಪ್‌ಟಾಪಿನ ಹೊಸ ಎಸ್‌ಸಿಪಿಗೆ (ನಕಲು ಕಳಿಸುವ ಕಮಾಂಡಿಗೆ) ದೊಡ್ಡಕ್ಷರದ "-ಓ" ಸೇರಿಸಿದರೇ ಫೈಲು ಹೋಗುವುದು.

ಶೆಡ್ಡಿನಲ್ಲೇ ಚಿಕ್ಕ ಓಎಲ್‌ಇಡಿ ಪರದೆ ಹಾಕೋಣ ಎಂದು ಹೊರಟಿದ್ದೆ. ಇಂಗ್ಲಿಷಿಗೆ ಸುಲಭ. ಕನ್ನಡಕ್ಕೆ ಫಾಂಟು ಇದ್ದರಷ್ಟೇ ಸಾಲದು, ಒತ್ತು-ಗುಣಿತಗಳನ್ನು ಜಾಗಕ್ಕೆ ಕೂರಿಸುವ ಹಾರ್ಫ್‌ಬಝ್‌ನಂಥ ಲೈಬ್ರರಿಯೂ ಬೇಕು. ಆ ಭಾರ ಫೋನೇ ಹೊರಲಿ ಎಂದು ಬಿಟ್ಟೆ. ಬ್ಯುಸಿಬಾಕ್ಸಿನ ಎಚ್‌ಟಿಟಿಪಿಡಿ ಒಂದು ಶೆಲ್ ಸ್ಕ್ರಿಪ್ಟು ಓಡಿಸುತ್ತದೆ, ಅದು ಯುಟಿಎಫ್-8ರಲ್ಲಿ "ಟಾಂಕಿ ಅರ್ಧ, ಪಂಪು ಆಫ್" ಎಂದು ಕಳಿಸುತ್ತದೆ, ಅಕ್ಷರ ಕೂರಿಸುವುದು ಫೋನಿನ ಬ್ರೌಸರು. ಕೆಲಸಕ್ಕೆ ಬರುವವರಲ್ಲಿ ಮಲೆಯಾಳ ಮಾತ್ರ ಓದುವವರೂ ಇದ್ದಾರೆ. ಅವರಿಗೆಂದು ಇನ್ನೊಂದು ಪುಟ ಮಾಡಲು ಬದಲಾಯಿಸಬೇಕಾದದ್ದು ನಾಲ್ಕು ಸಾಲು.

ಹೊಸದೇನು ಹಾಕಿದರೂ ಮೊದಲೂ ಆಮೇಲೂ ಖಾಲಿ ಮೆಮೊರಿ ತೋರಿಸುವ "ಫ್ರೀ" ಕಮಾಂಡ್ ಕೊಟ್ಟು ನೋಡಿ. ಒಂದೊಂದು ಪ್ರೋಗ್ರಾಮಿನ ಲೆಕ್ಕ ಬೇಕಿದ್ದರೆ ಪ್ರೊಕ್ ಫೋಲ್ಡರಿನಲ್ಲಿ ಅದರದೇ ಸ್ಟೇಟಸ್ ಫೈಲಿನಲ್ಲಿ ವಿಎಂಆರ್‌ಎಸ್‌ಎಸ್ ಎಂಬ ಸಾಲು ನೋಡಬೇಕು. ಓಡುತ್ತಿರುವವನ್ನು ಪಟ್ಟಿ ಮಾಡುವ ಪಿಎಸ್ ತೋರಿಸುವ ವಿಎಸ್‌ಝಡ್ ನೋಡಿ ಹೆದರುವವರಿದ್ದಾರೆ, ಅದು ಕೇಳಿಟ್ಟ ಜಾಗ, ಬಳಸಿದ್ದಲ್ಲ.

ಬೇಕಾದಷ್ಟನ್ನೇ ಸೇರಿಸಿ ಲಿನಕ್ಸ್ ಕಟ್ಟಿಕೊಡುವ ಬಿಲ್ಡ್‌ರೂಟ್ ಇದಕ್ಕಿಂತ ಚಿಕ್ಕ ಇಮೇಜು ಕೊಡುತ್ತದೆ. ಮಾರುವ ಸಾಮಾನಿಗೆ ಅದೇ ಸರಿ. ವಾರಕ್ಕೊಮ್ಮೆ ಏನಾದರೂ ತಿದ್ದುವ ನನ್ನಂಥವನಿಗೆ ಪ್ರತಿ ಸಲ ಲ್ಯಾಪ್‌ಟಾಪಿನಲ್ಲಿ ಹೊಸ ಇಮೇಜು ಕಟ್ಟುವುದು ಆಗದ ಮಾತು.

ಸಿಡಿಲಿಗೆ ಯಾವ ಸಾಫ್ಟ್‌ವೇರೂ ಮದ್ದಲ್ಲ. ಗುಡುಗು ಹತ್ತಿರವಾಗುವ ಮೊದಲೇ ಪ್ಲಗ್ಗು ಕೀಳಬೇಕು, ಮೆಲ್ಲನೆ ಶಟ್‌ಡೌನ್ ಮಾಡುತ್ತಾ ಕೂರಲು ಪುರುಸೊತ್ತಿಲ್ಲ. ಡಿಸ್ಕ್‌ಲೆಸ್ ಆದ್ದರಿಂದ ಕಿತ್ತರೂ ಸಾಮಾನ್ಯವಾಗಿ ಹೋಗುವುದು ಒಂದು ಗಂಟೆಯ ಲೆಕ್ಕವಷ್ಟೆ. ನನ್ನ ಸೆಟ್ಟಿಂಗುಗಳೆಲ್ಲ ಎಲ್‌ಬಿಯು ಕಟ್ಟಿಡುವ ಒಂದೇ ಎಪಿಕೆಓವಿಎಲ್ ಫೈಲಿನಲ್ಲಿವೆ. ಬೂಟ್ ಪಾರ್ಟಿಷನ್ನನ್ನು ಅದರ ಸಮೇತ ಇನ್ನೊಂದು ಕಾರ್ಡಿಗೆ ನಕಲು ಮಾಡಿ ಮೀಟರ್ ಪೆಟ್ಟಿಗೆಯ ಮೇಲೆ ಇಟ್ಟಿದ್ದೇನೆ. ನಾನು ಊರಲ್ಲಿಲ್ಲದಾಗ ಭಾವನೇ ಕಾರ್ಡು ಬದಲಿಸಿ ಪ್ಲಗ್ಗು ಹಾಕುತ್ತಾನೆ.